ನರಿಗಳ ಕಜ್ಜಿಗೆ ಚುಚ್ಚುಮದ್ದಿಗಿಂತ ಮಾತ್ರೆಯೇ ಮೇಲು

ಮೃಗಾಲಯದ ನರಿಗಳ ಕಜ್ಜಿಗೆ ಐವರ್ಮೆಕ್ಟಿನ್ ಚುಚ್ಚುಮದ್ದು, ಫ್ಲೂರಲಾನರ್ ಮಾತ್ರೆ, ಅಮಿಟ್ರಾಜ್ ಸ್ನಾನ ಮೂರನ್ನೂ ಬಳಸಿದ್ದೇನೆ. ಈಗ ಯಾರು ಕೇಳಿದರೂ ಮಾತ್ರೆಯ ಹೆಸರನ್ನೇ ಹೇಳುತ್ತೇನೆ.

ಐವರ್ಮೆಕ್ಟಿನ್ ಕೆಟ್ಟ ಮದ್ದಲ್ಲ. ಕಿಲೋ ತೂಕಕ್ಕೆ 200ರಿಂದ 400 ಮೈಕ್ರೋಗ್ರಾಂ ಸೇರಿದರೆ ಚರ್ಮದಲ್ಲಿ ಬಿಲ ಕೊರೆದು ಕೂತ ಸಾರ್ಕಾಪ್ಟಿಸ್ ನುಸಿ ಸಾಯುತ್ತದೆ. ಮೊಟ್ಟೆ ಮಾತ್ರ ಉಳಿಯುತ್ತದೆ. ಅದರಿಂದ ಹೊರಬಂದ ಮರಿಗಳನ್ನು ಹಿಡಿಯಲು ಸುಮಾರು 14 ದಿನಕ್ಕೆ ಮತ್ತೊಮ್ಮೆ ಚುಚ್ಚಬೇಕು. ತಾಪತ್ರಯ ಶುರುವಾಗುವುದು ಇಲ್ಲಿಯೇ.

ಮೊದಲ ಸಲ ತಂತಿಬೇಲಿಯ ಬಳಿ ಬಂದು ನಿಂತ ನರಿ, ಎರಡನೆಯ ಸಲ ಡಾರ್ಟ್ (ದೂರದಿಂದ ಹೊಡೆಯುವ ಮದ್ದಿನ ಸೂಜಿ) ಕೊಳವೆ ಹಿಡಿದವರನ್ನು ಕಂಡೊಡನೆ ಗೂಡು ಸೇರುತ್ತದೆ. ಕಾದು ಕಾದು ಹೊಡೆದರೂ ಡಾರ್ಟ್ ದಪ್ಪ ಹುರುಪೆಗೆ ತಾಗಿ ಚಿಮ್ಮಿ ಬೀಳುತ್ತದೆ, ಮದ್ದು ಕೂದಲಿನ ಮೇಲೆ ಇಳಿದುಹೋಗುತ್ತದೆ. ಬಿದ್ದ ಡಾರ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಎಷ್ಟು ಉಳಿದಿದೆ ಎಂಬುದು ಕಾಣುತ್ತದೆ, ಮೈಯೊಳಗೆ ಎಷ್ಟು ಹೋಯಿತು ಎಂಬುದು ಕಾಣುವುದಿಲ್ಲ. ಇನ್ನೊಂದು ಹೊಡೆದರೆ ಪ್ರಮಾಣ ಮೀರುವ ಭಯ, ಬಿಟ್ಟರೆ ಆ ಒಂದು ಪ್ರಾಣಿಯಿಂದಲೇ ಇಡೀ ಗುಂಪಿಗೆ ಮತ್ತೆ ಕಜ್ಜಿ. ಓಡಾಟದಲ್ಲಿ ಬಿರಿದ ಚರ್ಮದಿಂದ ರಕ್ತ ಜಿನುಗುವುದನ್ನು ನೋಡುವುದು ನನಗಂತೂ ಬಹಳ ಕಷ್ಟ.

ಫ್ಲೂರಲಾನರ್ ಈ ಎರಡನೆಯ ಬೇಟೆಯನ್ನೇ ತಪ್ಪಿಸಿತು. ನಾಯಿಗಳಲ್ಲಿ ಒಂದು ಮಾತ್ರೆಯ ಪ್ರಭಾವ 12 ವಾರದವರೆಗೂ ಇರುತ್ತದೆ, ಹಾಗಾಗಿ ಮೊಟ್ಟೆಯೊಡೆದು ಬರುವ ಮರಿಗಳಿಗೂ ಮದ್ದು ಕಾದಿರುತ್ತದೆ. ಹೊಟ್ಟೆ ತುಂಬಿದ್ದಾಗ ಚೆನ್ನಾಗಿ ಹೀರಿಕೊಳ್ಳುವ ಮದ್ದಾದ್ದರಿಂದ ಊಟದ ನಡುವೆ ಮಾಂಸದ ತುಂಡಿನಲ್ಲಿ ಹುದುಗಿಸಿ ಕೊಡುತ್ತೇನೆ. ಜೋರಿನ ನರಿ ಮಿಕ್ಕವುಗಳ ಪಾಲನ್ನೂ ನುಂಗದಂತೆ ಒಂದೊಂದನ್ನೇ ಬೇರೆ ಕೋಣೆಯಲ್ಲಿ ಉಣಿಸಬೇಕು. ನಮ್ಮಲ್ಲಿ ದಿನವೂ ಹಾಗೆಯೇ ಉಣಿಸುವುದರಿಂದ ಇದೊಂದು ಹೊರೆಯಾಗಲಿಲ್ಲ. ಕಿವಿಯಂಚಿನ ಬೂದು ಹುರುಪೆ ಉದುರಿ ಸಣ್ಣ ಕೂದಲು ಮೂಡಿದಾಗ ಆದ ಸಂತೋಷ ದೊಡ್ಡದು. ಮೂರ್ಛೆ (ಫಿಟ್ಸ್) ಬಂದಿದ್ದ ಪ್ರಾಣಿಗೆ ಮಾತ್ರ ಈ ವರ್ಗದ ಮದ್ದನ್ನು ಕೊಡಲು ಹಿಂಜರಿಯುತ್ತೇನೆ.

ಅಮಿಟ್ರಾಜ್ ಸ್ನಾನಕ್ಕೆ ಮೈಯೆಲ್ಲ ತೋಯಿಸಬೇಕು, ಅದಕ್ಕೆ ಅರಿವಳಿಕೆ ಬೇಕು. ಮದ್ದೂ ಮಂಪರು ತರುವಂಥದ್ದು. ಬಿಟ್ಟುಬಿಟ್ಟೆ.

ಮಾತ್ರೆ ದುಬಾರಿ, ನಿಜ. ಕೆಲವೇ ನರಿಗಳಿರುವ ಆವರಣಕ್ಕೆ ಆ ಖರ್ಚು ನನಗೆ ಒಪ್ಪಿಗೆ. ಒಂಟೆಗಳ ದೊಡ್ಡ ಹಿಂಡಾಗಿದ್ದು, ಅವುಗಳನ್ನು ಕಟ್ಟಿ ನಿಲ್ಲಿಸಿ ಚುಚ್ಚಲು ಸಾಧ್ಯವಿದ್ದರೆ ಅಗ್ಗದ ಐವರ್ಮೆಕ್ಟಿನ್ನನ್ನೇ ಆರಿಸುತ್ತೇನೆ. ಯಾವುದನ್ನು ಕೊಟ್ಟರೂ ಗೂಡಿನ ಹಾಸನ್ನು ತೆಗೆದು ಸುಡಿಸಿ, ಪಾಲಕರ ಕೈಗೆ ಕೈಗವಸು ಕೊಡಿಸಿ. ಈ ನುಸಿ ಮನುಷ್ಯರಿಗೂ ತುರಿಕೆ ಹಚ್ಚುತ್ತದೆ.