ಮೆಕ್ಸಿಕನ್, ಕೊರಿಯನ್, ಗರಿಕೆ: ಒಂದೇ ಅಂಗಳದಲ್ಲಿ ಏಳು ವರ್ಷ

ಮೈಸೂರಿನ ನಮ್ಮ ಮನೆಯ ಮುಂದಿನ ಸುಮಾರು 600 ಚದರಡಿ ಜಾಗಕ್ಕೆ 2017ರ ಜೂನ್‌ನಲ್ಲಿ ಮೆಕ್ಸಿಕನ್ ಹುಲ್ಲನ್ನು ಹಾಸಿಸಿದೆವು. ಆಮೇಲಿನ ಏಳು ವರ್ಷಗಳಲ್ಲಿ ಅದೇ ಅಂಗಳದಲ್ಲಿ ಮೂರು ಬಗೆಯ ಹುಲ್ಲನ್ನು ಬೆಳೆಸಿ, ಕತ್ತರಿಸಿ, ಒಂದಷ್ಟನ್ನು ಕಿತ್ತು ಮತ್ತೆ ನೆಟ್ಟಿರುವುದರಿಂದ, ಹೊಸದಾಗಿ ಲಾನ್ ಮಾಡಿಸಲು ಹೊರಟವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೆಕ್ಸಿಕನ್ ಎಂಬುದು ನರ್ಸರಿಯವರ ರೂಢಿಯ ಹೆಸರು. ಇದೂ ಕೊರಿಯನ್ ಹುಲ್ಲೂ ಏಷ್ಯಾ ಕಡೆಯ ಜೋಯ್ಸಿಯಾ ಎಂಬ ಒಂದೇ ಕುಲಕ್ಕೆ ಸೇರಿದವು. ಎಲೆ ದಟ್ಟ, ಬಣ್ಣ ಗಾಢ ಹಸಿರು, ಬೆಳವಣಿಗೆ ನಿಧಾನ. ಮಳೆಗಾಲದಲ್ಲೂ ಹದಿನೈದು ದಿನಕ್ಕೊಮ್ಮೆ ಕತ್ತರಿಸಿದರೆ ಸಾಕಾಗುತ್ತಿತ್ತು. ಹೊಂಗೆ ಮರದ ಅರೆನೆರಳಿನಲ್ಲಿಯೂ ಅದು ತಕ್ಕಮಟ್ಟಿಗೆ ಬಾಳಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ತೊಂದರೆ ಕಾಣಿಸಿಕೊಂಡದ್ದು ಮಕ್ಕಳು ಆಡತೊಡಗಿದ ಮೇಲೆ. ಬ್ಯಾಟು ಹಿಡಿದು ನಿಲ್ಲುತ್ತಿದ್ದ ಕಡೆ ಒಂದು ತಟ್ಟೆಯಗಲ ನೆಲ ಬೋಳಾಯಿತು. ನಿಧಾನವಾಗಿ ಬೆಳೆಯುವ ಗುಣವೇ ಇಲ್ಲಿ ದೋಷವಾಗಿ, ಆ ಜಾಗ ಮುಚ್ಚಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಮೂರನೆಯ ವರ್ಷ ಒಂದು ಮೂಲೆ ಹಳದಿ ತಿರುಗಿದಾಗ ನೀರು ಸಾಲದೆಂದು ಭಾವಿಸಿ ಇನ್ನಷ್ಟು ಹಾಯಿಸಿದೆ. ಕೊನೆಗೆ ಅಂಚು ಹಿಡಿದು ಎತ್ತಿದರೆ ಹುಲ್ಲು ಚಾಪೆಯ ಹಾಗೆ ಸುರುಳಿಯಾಗಿ ಎದ್ದು ಬಂತು; ಬೇರು ಎಂಬುದೇ ಇರಲಿಲ್ಲ, ಕೆಳಗೆ ಬೇರು ತಿನ್ನುವ ಬಿಳಿಯ ಗೊಣ್ಣೆ ಹುಳುಗಳು ಮೈ ಮುದುರಿಕೊಂಡು ಬಿದ್ದಿದ್ದವು. ಹಳದಿ ಕಂಡ ಕೂಡಲೇ ಪೈಪು ಹಿಡಿಯದೆ, ಮೊದಲು ಒಂದು ಅಂಚನ್ನು ಎತ್ತಿ ನೋಡಿ.

ಇನ್ನೊಂದು ಅಸಮಾಧಾನ ಹುಲ್ಲಿನದಲ್ಲ, ಮಾರಿದವರದು. ಹುಲ್ಲಿನ ಹಾಸಿಗೆಯ ಜೊತೆ ಬಂದ ಮಣ್ಣಿನಲ್ಲಿ ಜೇಕು ಎಂಬ ಕಳೆಯ ಗಡ್ಡೆಗಳಿದ್ದು, ಒಂದೂವರೆ ತಿಂಗಳಲ್ಲಿ ಎಲ್ಲೆಡೆ ಎದ್ದವು. ಎಲೆ ಹಿಡಿದು ಕಿತ್ತರೆ ಗಡ್ಡೆ ಮಣ್ಣಿನಲ್ಲೇ ಉಳಿದು ಮತ್ತೆ ಚಿಗುರುವುದರಿಂದ, ಎರಡು ವರ್ಷ ಪ್ರತಿ ಭಾನುವಾರ ಕಳೆಗುದ್ದಲಿ ಹಿಡಿದು ಅಗೆದು ತೆಗೆಯಬೇಕಾಯಿತು. ಹಾಸಿಗೆ ಇಳಿಸುವಾಗಲೇ ನಾಲ್ಕಾರು ತುಂಡುಗಳನ್ನು ಮಗುಚಿ, ಮಣ್ಣನ್ನು ಬೆರಳಿನಿಂದ ಉದುರಿಸಿ ನೋಡುವುದು ಒಳ್ಳೆಯದು.

ಕೊರಿಯನ್ ಹುಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಗಿಲ ಬಳಿ ಹಾಕಿದ ಸ್ವಲ್ಪ ಜಾಗದಲ್ಲಿ ಅದು ಸಣ್ಣ ದಿಬ್ಬಗಳಾಗಿ ಉಬ್ಬಿ ನೋಡಲು ಚೆಂದವಾಗಿತ್ತು, ಓಡಾಟಕ್ಕೆ ಮಾತ್ರ ತಡೆಯಲಿಲ್ಲ.

2020ರಲ್ಲಿ ಬಿಸಿಲಿರುವ ಅರ್ಧ ಭಾಗದಿಂದ ಮೆಕ್ಸಿಕನ್ ತೆಗೆಸಿ, ಗರಿಕೆಯ ಬಳ್ಳಿಗಳನ್ನು ತುಂಡು ಮಾಡಿ ಸಾಲಿನಲ್ಲಿ ನೆಟ್ಟೆ. ಗಣಪತಿಗೆ ಏರಿಸುವ ಅದೇ ಗರಿಕೆ. ಬರ್ಮುಡಾ ಎಂಬ ಹೆಸರಿನಲ್ಲಿ ಕ್ರಿಕೆಟ್ ಮೈದಾನದ ಔಟ್‌ಫೀಲ್ಡಿನಲ್ಲಿ ಬೆಳೆಸುವುದೂ ಅದರ ಆಯ್ದ ತಳಿಗಳನ್ನು, ಇಲ್ಲವೇ ಅದರ ಸಂಕರ ತಳಿಗಳನ್ನು. ನೆಲದ ಮೇಲೆ ಹರಿಯುವ ಬಳ್ಳಿ, ನೆಲದೊಳಗಿನ ಕಾಂಡ, ಎರಡರಿಂದಲೂ ಅದು ಹಬ್ಬುವುದರಿಂದ, ಸ್ಪೈಕ್ ಬೂಟು ಕಿತ್ತುಹಾಕಿದ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಅಂಥದೇ ಬೋಳು ಮೂರು ವಾರದಲ್ಲಿ ಮುಚ್ಚಿತು. ಆದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಲೇಬೇಕು, ಹೂವಿನ ಪಾತಿಗೆ ನುಗ್ಗದಂತೆ ಅಂಚು ಕಾಯಬೇಕು. ನೆರಳನ್ನಂತೂ ಅದು ಸಹಿಸುವುದಿಲ್ಲ. ಹೊಂಗೆಯ ಕೆಳಗೆ ನೆಟ್ಟದ್ದು ಸಣಕಲಾಗಿ ಎದ್ದು, ಒಂದೇ ವರ್ಷದಲ್ಲಿ ಇಲ್ಲವಾಯಿತು.

ಟೆನಿಸ್ ನೋಡಿ ಆ ಹುಲ್ಲೇ ಬೇಕೆಂದು ಬೀಜ ಹುಡುಕುವವರನ್ನು ಕಂಡಿದ್ದೇನೆ. ವಿಂಬಲ್ಡನ್ ಅಂಕಣಗಳಲ್ಲಿ 2001ರಿಂದ ಇರುವುದು ಪೂರ್ತಿ ರೈಹುಲ್ಲು, ಆಟದ ಸಮಯಕ್ಕೆ ಅದರ ಎತ್ತರ 8 ಮಿಲಿಮೀಟರ್. ತಂಪು ಹವೆಯ ಆ ಹುಲ್ಲಿಗೆ ನಮ್ಮ ಏಪ್ರಿಲ್ ಬಿಸಿಲು ಒಗ್ಗುವುದಿಲ್ಲ.

ನೀರಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಬೇಸಿಗೆಯಲ್ಲಿ ವಾರಕ್ಕೆ ಒಂದು ಅಂಗುಲದಂತೆ ಕೊಟ್ಟರೂ 600 ಚದರಡಿಗೆ ಸುಮಾರು 1,400 ಲೀಟರ್ ಬೇಕು. ದಿನವೂ ಚಿಮುಕಿಸುವುದನ್ನು ಬಿಟ್ಟು ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ಹಾಯಿಸತೊಡಗಿದ ಮೇಲೆ, 2024ರ ಬಿರುಬೇಸಿಗೆಯಲ್ಲಿ ಕಂದಿದ್ದ ಗರಿಕೆ ಮೇ ತಿಂಗಳ ಮೊದಲ ಮಳೆ ಬಿದ್ದ ವಾರದೊಳಗೆ ಮತ್ತೆ ಹಸಿರಾಯಿತು. ಇಂದು ನಮ್ಮಲ್ಲಿ ಹೊಂಗೆಯ ಕೆಳಗೆ ಮೆಕ್ಸಿಕನ್, ಬಿಸಿಲಿನ ಕಡೆ ಗರಿಕೆ, ಎರಡರ ನಡುವೆ ಒಂದು ಸಾಲು ಇಟ್ಟಿಗೆ.