ಹಿಪಾ ಪಾಲನೆಯೋ, ಮಾಮೂಲಿ ಡೇಟಾ ಭದ್ರತೆಯೋ?

ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಹಿಡಿಯುವ ಬೆಂಗಳೂರಿನ ಕಂಪನಿಗೆ ಪಾಸ್‌ವರ್ಡ್, ಬ್ಯಾಕಪ್ ಇದ್ದರೆ ಸಾಲದು. ರೋಗಿಗಳ ಆರೋಗ್ಯ ಮಾಹಿತಿ ಕಾಯುವ ಅಲ್ಲಿನ 1996ರ ಹಿಪಾ (HIPAA) ಕಾಯ್ದೆಗೆ ಬಿಸಿನೆಸ್ ಅಸೋಸಿಯೇಟ್ ಒಪ್ಪಂದ (ಆ ಮಾಹಿತಿ ಕಾಪಾಡುತ್ತೇವೆಂದು ಆಸ್ಪತ್ರೆಯೊಂದಿಗೆ ಮಾಡಿಕೊಳ್ಳುವ ಕರಾರು), ಲಿಖಿತ ಅಪಾಯ ವಿಶ್ಲೇಷಣೆ, 6 ವರ್ಷ ಉಳಿಸಿಟ್ಟ ದಾಖಲೆಗಳೂ ಬೇಕು. ಖರ್ಚು ಏರುವುದು ಇಲ್ಲೇ.

ಮೂವರು ಒಂದೇ ಲಾಗಿನ್ ಹಂಚಿಕೊಂಡರೆ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಹಿಪಾ ಪ್ರಕಾರ ತಪ್ಪೇ. ಯಾವ ರೋಗಿಯ ಫೈಲನ್ನು ಯಾರು ತೆರೆದರೆಂದು ಲಾಗ್ (ಬಳಕೆಯ ದಾಖಲೆ) ಹೇಳಲಾರದು.

ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಡೇಟಾವನ್ನು ಗುಪ್ತಲಿಪಿಗೆ ಬದಲಿಸುವುದು) ಮಾತ್ರ ಎರಡೂ ಕಡೆ ಕೈಹಿಡಿಯುತ್ತದೆ. ಸರಿಯಾಗಿ ಎನ್‌ಕ್ರಿಪ್ಟ್ ಆದ ಲ್ಯಾಪ್‌ಟಾಪ್ ಕಳುವಾಗಿ, ಕೀ ಅದರ ಜೊತೆ ಹೋಗದಿದ್ದರೆ, ರೋಗಿಗಳಿಗೆ 60 ದಿನದೊಳಗೆ ತಿಳಿಸುವ ಹೊಣೆ ಬರುವುದಿಲ್ಲ. ದಯವಿಟ್ಟು ಎನ್‌ಕ್ರಿಪ್ಷನ್ ಕೆಲಸವನ್ನು ಮುಂದೂಡಬೇಡಿ.

ಆಸ್ಪತ್ರೆ, ವಿಮೆಯ ನಂಟಿಲ್ಲದ ಹೆಜ್ಜೆ ಎಣಿಸುವ ಆ್ಯಪ್‌ಗೆ ಹಿಪಾ ಸಾಮಾನ್ಯವಾಗಿ ಅನ್ವಯಿಸದು; ಅಲ್ಲಿ ಹಣವನ್ನು ಮೊದಲು ಗಟ್ಟಿ ಭದ್ರತೆಗೇ ಹಾಕಿ.