ಚದರವೋ, ಪಾಯಿಂಟೋ, ಅಳತೆಯೋ? ಮನೆ ವೈರಿಂಗ್‌ಗೆ ದರ ಕೊಡುವ ಮೂರು ದಾರಿ

ಮನೆ ಕಟ್ಟಿಸುವವರು ಕಡಿಮೆಯಾದಾಗ ಮಾಲೀಕರ ಕೈಯಲ್ಲಿ ಕೊಟೇಷನ್‌ಗಳು ಹೆಚ್ಚಾಗುತ್ತವೆ. ಇಬ್ಬರನ್ನು ಕೇಳುತ್ತಿದ್ದವರು ಐದು ಜನರನ್ನು ಕೇಳುತ್ತಾರೆ. ಎಲ್ಲರಿಗೂ ಕೇಳುವುದು ಒಂದೇ ಪ್ರಶ್ನೆ: 'ಚದರಕ್ಕೆ ಎಷ್ಟು?' ಕೆಲಸ ಬೇಕೆಂಬ ಆತುರದಲ್ಲಿ ವೈರಿಂಗ್ ಮಾಡುವ ನಾವೂ ಒಂದು ಅಂಕಿ ಹೇಳಿಬಿಡುತ್ತೇವೆ. ನಷ್ಟ ಶುರುವಾಗುವುದು ಅಲ್ಲಿಂದಲೇ. ಚದರ, ಪಾಯಿಂಟ್, ಅಳತೆ ಈ ಮೂರೂ ಲೆಕ್ಕದಲ್ಲಿ ದರ ಕೊಟ್ಟು ಕೆಲಸ ಮುಗಿಸಿ ನೋಡಿದ್ದೇವೆ. ಒಂದೇ ಮನೆಗೆ ಮೂರನ್ನೂ ಹಾಕಿದರೆ ಏನಾಗುತ್ತದೆ ಎಂಬುದು ಇಲ್ಲಿದೆ.

ಮನೆ ಬೆಂಗಳೂರಿನ ಮಾಮೂಲಿ 30×40 ಸೈಟಿನದು. ನೆಲಮಹಡಿ, ಒಂದನೇ ಮಹಡಿ ಸೇರಿ 16 ಚದರ, ಅಂದರೆ 1,600 ಚದರಡಿ. ಒಂದೇ ಕುಟುಂಬ, ಮೂರು ಬೆಡ್‌ರೂಮ್. ಮೊದಲ ಪಟ್ಟಿಯಲ್ಲಿ ಲೈಟ್ 48, ಫ್ಯಾನ್ 7, ಎಕ್ಸಾಸ್ಟ್ 4, 6 ಆಂಪ್ ಸಾಕೆಟ್ 36, 16 ಆಂಪ್ 9, ಎಸಿ 3, ಟಿವಿ-ಇಂಟರ್ನೆಟ್ 7, ಟೂ-ವೇ (ಒಂದೇ ಲೈಟಿಗೆ ಎರಡು ಕಡೆ ಸ್ವಿಚ್) 6, ಬೆಲ್ 2. ಒಟ್ಟು 122 ಪಾಯಿಂಟ್. ಕೂಲಿ ಮಾತ್ರ ನಮ್ಮದು, ಸಾಮಾನು ಮಾಲೀಕರದು. ಮೇಸ್ತ್ರಿಗೆ ದಿನಕ್ಕೆ 1,100, ಹೆಲ್ಪರ್‌ಗೆ 750 ಎಂದು ಲೆಕ್ಕಕ್ಕೆ ಇಟ್ಟುಕೊಂಡಿದ್ದೇವೆ. ನಿಮ್ಮೂರಿನ ಕೂಲಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ.

ಮೊದಲು ತಿಳಿಯಬೇಕಾದದ್ದು ನಮ್ಮ ಅಸಲು. ಮೇಸ್ತ್ರಿ, ಹೆಲ್ಪರ್ ಸೇರಿ ಒಂದು ಜೋಡಿ ಎಂದರೆ, ಎರಡು ಸ್ಲ್ಯಾಬ್‌ಗೆ ಪೈಪ್ ಹಾಕಲು 4 ದಿನ, ಗೋಡೆ ಕಟಿಂಗ್, ಪೈಪ್ ಮತ್ತು ಬಾಕ್ಸ್‌ಗೆ 9, ವೈರ್ ಎಳೆಯಲು 5, ಸ್ವಿಚ್ ಮತ್ತು ಡಿಬಿಗೆ (ಎಲ್ಲ ಸರ್ಕ್ಯೂಟ್ ಹೊರಡುವ ಡಿಸ್ಟ್ರಿಬ್ಯೂಷನ್ ಬೋರ್ಡ್) 4, ಲೈಟ್-ಫ್ಯಾನ್ ಕೂರಿಸಲು 3, ಅರ್ಥಿಂಗ್ ಮತ್ತು ಮೀಟರ್ ಬೋರ್ಡ್‌ಗೆ 2. ಒಟ್ಟು 27 ಜೋಡಿ-ದಿನ, 49,950 ರೂಪಾಯಿ. ಕಟಿಂಗ್ ಬ್ಲೇಡ್, ಡ್ರಿಲ್ ಬಿಟ್, ಪೆಟ್ರೋಲ್‌ಗೆ 6,000 ಸೇರಿಸಿದರೆ 55,950. ಸ್ಲ್ಯಾಬ್‌ನ 4 ದಿನದಲ್ಲಿ ಕಾಂಕ್ರೀಟ್ ಸುರಿಯುವ ದಿನವೂ ಸೇರಿದೆ. ಇದನ್ನು ಮರೆಯುವವರೇ ಹೆಚ್ಚು. ಆ ದಿನ ನಮ್ಮವರೊಬ್ಬರು ಮೇಲೆ ನಿಲ್ಲದಿದ್ದರೆ ವೈಬ್ರೇಟರ್ ತಗುಲಿ ಪೈಪಿನ ಜಾಯಿಂಟ್ ಬಿಡುತ್ತದೆ, ಫ್ಯಾನ್ ಬಾಕ್ಸ್ ಓರೆಯಾಗುತ್ತದೆ, ಸಿಮೆಂಟ್ ಹಾಲು ಒಳಗಿಳಿದು ಪೈಪ್ ಕಟ್ಟಿಕೊಳ್ಳುತ್ತದೆ. ಅದು ಗೊತ್ತಾಗುವುದು ತಿಂಗಳುಗಳ ನಂತರ, ವೈರ್ ಎಳೆಯಲು ಸ್ಪ್ರಿಂಗ್ ಬಿಟ್ಟಾಗ.

ಈಗ ಚದರದ ಲೆಕ್ಕ. ಚದರಕ್ಕೆ 4,500ರಂತೆ 72,000 ಬರುತ್ತದೆ. ಅಸಲು ಕಳೆದು ಉಳಿಯುವುದು 16,050. ಹೇಳಲು ಸುಲಭ, ಮಾಲೀಕರಿಗೂ ಅರ್ಥವಾಗುತ್ತದೆ, ಕೊನೆಯಲ್ಲಿ ಎಣಿಸುವ ತಕರಾರಿಲ್ಲ. ಆದರೆ ಗೋಡೆ ಎದ್ದ ಮೇಲೆ ಮನೆಯವರು ಫಾಲ್ಸ್ ಸೀಲಿಂಗ್ ಮಾಡಿಸೋಣ ಎನ್ನುತ್ತಾರೆ. ಸ್ಪಾಟ್ ಲೈಟ್, ಕೋವ್ ಲೈಟ್ ಸೇರಿ 30 ಪಾಯಿಂಟ್, ಮಂಚದ ಪಕ್ಕಕ್ಕೆ ಟೂ-ವೇ 4, ಓದುವ ಟೇಬಲ್ಲಿಗೆ ಸಾಕೆಟ್ 6 ಹೆಚ್ಚಾದರೆ 122 ಇದ್ದದ್ದು 162 ಆಗುತ್ತದೆ. ಚದರ ಮಾತ್ರ 16ರಲ್ಲೇ ನಿಂತಿರುತ್ತದೆ. ಸ್ಲ್ಯಾಬ್, ಅರ್ಥಿಂಗ್‌ನ 6 ಬಿಟ್ಟು, ಪಾಯಿಂಟ್ ಜೊತೆ ಬೆಳೆಯುವ 21 ಜೋಡಿ-ದಿನ 28 ಆಗಿ, ಒಟ್ಟು 34ಕ್ಕೆ ಏರುತ್ತದೆ. ಅಸಲು 68,900, ಉಳಿಕೆ 3,100. ಅದನ್ನೇ ಪ್ಲಾಸ್ಟರ್ ಆದ ಮೇಲೆ ಹೇಳಿದರೆ ಮತ್ತೆ ಗೋಡೆ ಕೊರೆಯಲು ಇನ್ನೆರಡು ದಿನ, 3,700. ಅಲ್ಲಿಗೆ ಕೈಯಿಂದ 600 ಹೋಯಿತು. ಪೈಪೋಟಿಯಲ್ಲಿ ಚದರಕ್ಕೆ 3,800 ಹೇಳಿದವರಿಗೆ ಪ್ಲಾಸ್ಟರ್ ಒಡೆಯದೆಯೇ 8,100 ನಷ್ಟ. ಅಂಥವರು ವೈರ್ ಎಳೆದ ಮೇಲೆ ಫೋನ್ ಎತ್ತುವುದಿಲ್ಲ, ಇಲ್ಲವೇ ಅರ್ಥ್ ತಂತಿ ಬಿಟ್ಟು, ಸರ್ಕ್ಯೂಟ್ ಕಡಿಮೆ ಮಾಡಿ ಸಮಯ ಉಳಿಸುತ್ತಾರೆ. ಕಡಿಮೆ ದರಕ್ಕೆ ಒಪ್ಪಿದ ಮಾಲೀಕರ ಮನೆಯಲ್ಲಿ ಅಪಾಯ ಉಳಿಯುತ್ತದೆ. ಇದು ನಮಗೆ ನಿಜಕ್ಕೂ ಸಂಕಟದ ವಿಷಯ.

ಪಾಯಿಂಟ್ ಲೆಕ್ಕದಲ್ಲಿ ಅದೇ ಮನೆಗೆ ಹೀಗೆ ಕೊಡುತ್ತೇವೆ. ಸಣ್ಣ ಪಾಯಿಂಟ್ 110, ತಲಾ 400ರಂತೆ 44,000. 16 ಆಂಪ್ ಮತ್ತು ಎಸಿ 12, ತಲಾ 700ರಂತೆ 8,400. ಸ್ಲ್ಯಾಬ್ ಪೈಪ್ ಬೇರೆಯಾಗಿ, ಚದರಕ್ಕೆ 700ರಂತೆ 11,200. ಡಿಬಿ ಎರಡಕ್ಕೆ 4,000. ಅರ್ಥಿಂಗ್, ಮೀಟರ್ ಬೋರ್ಡ್ 5,000. ಒಟ್ಟು 72,600. ಚದರದ ದರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರೀ 600 ರೂಪಾಯಿ. ಆದರೆ 40 ಪಾಯಿಂಟ್ ಹೆಚ್ಚಾದಾಗ 16,000 ಸೇರಿ 88,600 ಆಗುತ್ತದೆ, ಉಳಿಕೆ 19,700. ಸ್ಲ್ಯಾಬನ್ನು ಬೇರೆ ಮಾಡಲು ಕಾರಣವಿದೆ. ಅಲ್ಲಿ ಖರ್ಚು ವಿಸ್ತೀರ್ಣದ ಮೇಲೆ ಬೀಳುತ್ತದೆ, ಪಾಯಿಂಟ್ ಮೇಲಲ್ಲ. ಜೊತೆಗೆ ಸ್ಲ್ಯಾಬ್ ಹಾಕಿ ಮನೆ ನಿಂತುಹೋದರೆ ಅಲ್ಲಿಯವರೆಗಿನ ಹಣ ಚೊಕ್ಕವಾಗಿ ಕೇಳಬಹುದು.

'ಚದರಕ್ಕೆ ಎಷ್ಟು' ಎಂದು ಕೇಳಿದವರಿಗೆ ಪಾಯಿಂಟ್ ಪಟ್ಟಿ ಮಾತ್ರ ಕೊಟ್ಟರೆ ಕೆಲಸ ಸಿಗುವುದಿಲ್ಲ. ಅವರು ಐದು ಕಾಗದ ಪಕ್ಕಪಕ್ಕ ಇಟ್ಟು ನೋಡುತ್ತಿರುತ್ತಾರೆ. ಆದ್ದರಿಂದ ಕೆಳಗೆ ಬರೆಯಿರಿ: 'ಈ ಪಟ್ಟಿಯ ಪ್ರಕಾರ ಚದರಕ್ಕೆ ಸುಮಾರು 4,540 ಬೀಳುತ್ತದೆ, ಪಾಯಿಂಟ್ ಕಡಿಮೆಯಾದರೆ ಇಳಿಯುತ್ತದೆ, ಹೆಚ್ಚಾದರೆ ಏರುತ್ತದೆ.' 'ಇಳಿಯುತ್ತದೆ' ಎಂಬ ಮಾತು ಬೇರೆ ಕೊಟೇಷನ್‌ಗಳಲ್ಲಿ ಇರುವುದಿಲ್ಲ.

ಪಾಯಿಂಟ್ ಲೆಕ್ಕದ ಜಗಳವೆಲ್ಲ ಪಾಯಿಂಟ್ ಎಂದರೇನು ಎನ್ನುವುದರಲ್ಲಿ. ಸ್ವಿಚ್ಚಿನಿಂದ ಲೈಟ್‌ವರೆಗೆ ಒಂದು. ಟೂ-ವೇಯ ಎರಡನೇ ಸ್ವಿಚ್ ಇನ್ನೊಂದು. ಸ್ವಿಚ್ ಬೋರ್ಡ್‌ನಲ್ಲೇ ಇರುವ ಸಾಕೆಟ್ ಅರ್ಧವೋ ಪೂರ್ತಿಯೋ ಎಂಬುದನ್ನು ಮೊದಲೇ ಬರೆಯಬೇಕು. ಒಂದೇ ಸ್ವಿಚ್ಚಿಗೆ ನಾಲ್ಕು ಸ್ಪಾಟ್ ಲೈಟ್ ಬಂದರೆ ಮೊದಲನೆಯದು ಪೂರ್ತಿ, ಉಳಿದವು ಲೂಪ್ ಎಂದು ಅರ್ಧ ಹಿಡಿಯುವವರಿದ್ದಾರೆ. ಹಾಗೆ ಮಾಡುವುದಾದರೆ ಮೇಲಿನ 16,000 ಅಷ್ಟು ಇರುವುದಿಲ್ಲ. ಗೇಟ್ ಲೈಟ್, ಬೋರ್‌ವೆಲ್ ಮೋಟಾರ್‌ನಂತಹ ದೂರದ ಪಾಯಿಂಟ್‌ಗೆ ಬೋರ್ಡ್‌ನಿಂದ 6 ಮೀಟರ್ ಮೀರಿದರೆ ಮೀಟರ್‌ಗೆ ಇಷ್ಟು ಎಂದಿರಲಿ. ಎಣಿಕೆ ಪ್ಲಾಸ್ಟರ್‌ಗೆ ಮುಂಚೆ, ಬಾಕ್ಸ್ ಕೂತ ದಿನವೇ ಆಗಬೇಕು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಫೋಟೋ ತೆಗೆದು ಮಾಲೀಕರ ವಾಟ್ಸಾಪ್‌ಗೆ ಕಳಿಸಿದರೆ ಮುಂದೆ ಮಾತು ಬೆಳೆಯುವುದಿಲ್ಲ.

ಅಳತೆ ಲೆಕ್ಕ, ಅಂದರೆ ಪೈಪ್ ಮೀಟರ್‌ಗೆ, ವೈರ್ ಮೀಟರ್‌ಗೆ, ಬಾಕ್ಸ್ ಒಂದಕ್ಕೆ ಇಷ್ಟು ಎನ್ನುವುದು ಎಲ್ಲಕ್ಕಿಂತ ನ್ಯಾಯವಾದದ್ದು. ಹೊಸ ಮನೆಗೆ ಮಾತ್ರ ಒಗ್ಗುವುದಿಲ್ಲ. ಹೂತುಹೋದ ಪೈಪನ್ನು ಅಳೆಯಲು ಮಾಲೀಕರು ಪ್ರತಿ ಹಂತದಲ್ಲೂ ಬರಬೇಕು, ಮೊದಲ ದಿನ ಒಟ್ಟು ಎಷ್ಟೆಂದು ಹೇಳಲಾಗುವುದಿಲ್ಲ. ಹಳೆ ಮನೆಯ ರೀವೈರಿಂಗ್‌ಗಾದರೆ ಇದನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ. ಹೊಸ ಮನೆಗಳು ಕಡಿಮೆಯಾದಾಗ ಕೈಗೆ ಸಿಗುವುದು ಅವೇ. ಸಾಲಿಡ್ ಬ್ಲಾಕ್ ಗೋಡೆ ಕೊರೆಯುವುದೇ ಬೇರೆ, ಸೈಜುಗಲ್ಲಿನ ಗೋಡೆ ಕೊರೆಯುವುದೇ ಬೇರೆ. ಬ್ಲೇಡ್ ಎಷ್ಟು ಸವೆಯುತ್ತದೆಂದು ಕೈ ಹಾಕುವವರೆಗೆ ತಿಳಿಯದು. ಅಲ್ಲಿ ಕಟಿಂಗ್ ಮೀಟರ್ ಲೆಕ್ಕಕ್ಕೆ, ಸ್ವಿಚ್ ಫಿಟಿಂಗ್ ಪಾಯಿಂಟ್ ಲೆಕ್ಕಕ್ಕೆ ಇಟ್ಟರೆ ಸರಿಹೋಗುತ್ತದೆ.

ಸಾಮಾನು ಸೇರಿಸಿ ದರ ಕೇಳಿದರೆ ತಪ್ಪು ನುಸುಳುವುದು ವೈರ್‌ನಲ್ಲಿ. ಪ್ಲಾನ್ ಮೇಲೆ ಸ್ಕೇಲ್ ಇಟ್ಟರೆ ಡಿಬಿಯಿಂದ ಬೆಡ್‌ರೂಮ್ ಬೋರ್ಡ್‌ಗೆ 7 ಮೀಟರ್ ಕಾಣುತ್ತದೆ. ಡಿಬಿ ನೆಲದಿಂದ 1.8 ಮೀಟರ್ ಎತ್ತರದಲ್ಲಿದೆ, ಸೀಲಿಂಗ್ 3 ಮೀಟರ್, ಮೇಲೇರಲು 1.2. ಬೋರ್ಡ್ 1.2 ಮೀಟರ್‌ನಲ್ಲಿದೆ, ಇಳಿಯಲು 1.8. ಅಲ್ಲಿಗೆ 10. ಎರಡೂ ತುದಿಯಲ್ಲಿ ಕನೆಕ್ಷನ್‌ಗೆ 30 ಸೆಂಟಿಮೀಟರ್ ಬಿಟ್ಟರೆ 10.6. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಸೇರಿ 31.8 ಮೀಟರ್. ಸ್ಕೇಲ್ ನಂಬಿದವರು 21 ಬರೆದಿರುತ್ತಾರೆ. 90 ಮೀಟರ್ ಕಾಯಿಲ್‌ನ ಕೊನೆಯಲ್ಲಿ ಉಳಿಯುವ ತುಂಡು ಎಲ್ಲಿಗೂ ಸಾಲದು. ಅದಕ್ಕೂ ಒಂದಿಷ್ಟು ಸೇರಿಸಬೇಕು.

ಇನ್ನು ತಾಮ್ರ. ಲಂಡನ್ ಲೋಹ ವಿನಿಮಯದಲ್ಲಿ 2024ರ ಆರಂಭಕ್ಕೆ ಟನ್ನಿಗೆ ಸುಮಾರು 8,500 ಡಾಲರ್ ಇದ್ದದ್ದು ಮೇ ತಿಂಗಳಲ್ಲಿ 10,000 ದಾಟಿತ್ತು. ಸ್ಲ್ಯಾಬ್ ಆಗಿ, ಬ್ಯಾಂಕ್ ಸಾಲದ ಕಂತು ಬಾರದೆ ಮನೆ ಐದು ತಿಂಗಳು ನಿಂತರೆ ಆ ಏರಿಕೆಯೆಲ್ಲ ದರ ಕೊಟ್ಟವರ ತಲೆಗೆ. ಹಾಗಾಗಿ ಸಾಮಾನಿನ ದರಕ್ಕೆ 15 ದಿನ, ಕೂಲಿ ದರಕ್ಕೆ 90 ದಿನ ಎಂದು ಕೊಟೇಷನ್‌ನಲ್ಲೇ ಗಡುವು ಇರಲಿ. ಎರಡು ಹಂತಗಳ ನಡುವೆ 60 ದಿನ ದಾಟಿದರೆ ಉಳಿದ ಕೆಲಸಕ್ಕೆ ದರ ಮರುಲೆಕ್ಕ ಎಂದೂ ಬರೆಯಿರಿ.

ಕೂಲಿ ಮಾತ್ರ ಹಿಡಿಯಲು ಇನ್ನೊಂದು ಕಾರಣ ಜಿಎಸ್‌ಟಿ. ವಸತಿ ಸಮುಚ್ಚಯದ ಭಾಗವಲ್ಲದ, ಒಂದೇ ಕುಟುಂಬದ ಹೊಸ ಮನೆಯ ಶುದ್ಧ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ನೋಂದಣಿ ಇರುವವರು ಸಾಮಾನು ಸೇರಿಸಿ ಒಂದೇ ಗುತ್ತಿಗೆ ಮಾಡಿದರೆ ಕೂಲಿಯ ಮೇಲೂ ಶೇ 18 ಬೀಳುತ್ತದೆ. 72,000ಕ್ಕೆ ಅದು 12,960. ನಮ್ಮ ಕೂಲಿಯಲ್ಲಿ ಒಂದು ರೂಪಾಯಿ ಇಳಿಸದೆ ಮಾಲೀಕರಿಗೆ ಇಷ್ಟು ಉಳಿಸಬಹುದು. ಮೇಲ್ಮಹಡಿ ಬಾಡಿಗೆಗೆಂದು ಬೇರೆ ಅಡುಗೆಮನೆ ಇದ್ದರೆ ಒಂದೇ ಮನೆ ಎನ್ನಲಾಗದು. ಆಡಿಟರನ್ನು ಕೇಳಿಯೇ ಬಿಲ್ ಬರೆಯಿರಿ.

ದರ ಇಳಿಸಲೇಬೇಕೆಂದರೆ ಕೆಲಸವನ್ನು ಇಳಿಸಿ. ಎಸಿಗೆ ಪೈಪ್, ಬಾಕ್ಸ್ ಮಾತ್ರ ಹಾಕಿ ಒಳಗೆ ನೈಲಾನ್ ದಾರ ಬಿಡಿ. ವೈರ್ ಎಸಿ ಕೊಂಡಾಗ ಎಳೆಯಬಹುದು. ಫಾಲ್ಸ್ ಸೀಲಿಂಗ್ ವೈರಿಂಗನ್ನು ಬೇರೆ ಕಾಗದದಲ್ಲಿ ಕೊಡಿ. ಅರ್ಥ್ ತಂತಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ವೈರ್ ಗೇಜ್ ಈ ಮೂರನ್ನು ಚೌಕಾಸಿಗೆ ಇಡಬೇಡಿ.

ಹಣ ಹಂತಹಂತವಾಗಿ ಬರಲಿ: ಮುಂಗಡ, ಪ್ರತಿ ಸ್ಲ್ಯಾಬ್, ಗೋಡೆ ಪೈಪ್, ವೈರ್, ಸ್ವಿಚ್. ಕೊನೆಯ ಕಂತನ್ನು ಮೀಟರ್ ಬಂದ ಮೇಲೆ ಎಂದು ಬರೆದುಕೊಳ್ಳುವುದು ಹಳೆಯ ರೂಢಿ, ಈಗ ಅದೇ ದೊಡ್ಡ ಗುಂಡಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ (ಸ್ವಾಧೀನಾನುಭವ ಪತ್ರ) ಇಲ್ಲದ ಎಷ್ಟೋ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಸಿಗದೆ ನಿಂತಿತು. ಮಾಲೀಕರ ಕಾಗದಪತ್ರ ತಡವಾದರೆ ನಮ್ಮ ಕೂಲಿ ಏಕೆ ನಿಲ್ಲಬೇಕು? ಕೊಟೇಷನ್‌ನಲ್ಲಿ ಹೀಗೆ ಬರೆಯಿರಿ: '500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಪ್ರತಿ ಸರ್ಕ್ಯೂಟ್ 1 ಮೆಗಾಓಮ್‌ಗಿಂತ ಮೇಲೆ ತೋರಿಸಿ, ತಾತ್ಕಾಲಿಕ ಸಂಪರ್ಕದಲ್ಲಿ ಎಲ್ಲ ಪಾಯಿಂಟ್ ನಡೆಸಿ ತೋರಿಸಿದ 7 ದಿನದೊಳಗೆ ಕೊನೆಯ ಕಂತು.' ಮೀಟರ್ ಅರ್ಜಿ, ಕಂಪ್ಲೀಷನ್ ರಿಪೋರ್ಟ್, ಓಡಾಟದ ಖರ್ಚು ಬೇರೆ ಸಾಲಿನಲ್ಲಿರಲಿ.